ನಮ್ಮ ಮಾಮಾನ ಹೊನ್ನಾವರಿಕೆ ಗಿಡ

ಆಡು ಕೂಡ ಮೂಸಿ ಮುಂದೆ ಹೋಗುವ ಗಿಡಕ್ಕೆ ಮುಳ್ಳುಬೇಲಿ ಕಟ್ಟಿದವರು ಇಡೀ ಇಳಕಲ್ಲಿನಲ್ಲಿ ಒಬ್ಬರೇ ಇದ್ದಾರೆ. ನನ್ನ ದುರ್ದೈವ, ಅವರು ನನ್ನ ಅಕ್ಕನ ಗಂಡ! ನಾವು ಮಾಮಾ ಅನ್ನುತ್ತೇವೆ. ನಿವೃತ್ತ ಗಣಿತ ಮಾಸ್ತರರು. ನಮ್ಮ ಎರಡೂ ಮನೆಗಳಿಗೆ ಅಂಗಳ ಒಂದೇ.

ಹೊನ್ನಾವರಿಕೆ ಗೊತ್ತಲ್ಲ? ಹುನಗುಂದದ ದಾರಿಯುದ್ದಕ್ಕೂ ಯಾರ ಹಂಗೂ ಇಲ್ಲದೆ ಹಳದಿ ಹೂ ಬಿಟ್ಟುಕೊಂಡು ನಿಂತಿರುವ ಪೊದೆ. ಅದನ್ನು ಮನೆಯಲ್ಲಿ ಬೆಳೆಸುವುದೆಂದರೆ ಕಾಗೆಗೆ ಪಂಜರ ಮಾಡಿಸಿ ಕಾಳು ಹಾಕಿದಂತೆ! ನಾನೋ ಸೀರೆ ವ್ಯಾಪಾರದವಳು, ಚೌಕಾಸಿಯಲ್ಲೇ ಅಂಗಡಿ ಕಟ್ಟಿದವಳು. ಬಿಟ್ಟಿ ಸಿಗುವುದಕ್ಕೆ ಬೆವರು ಸುರಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಲಿಂಬಿ ಹಚ್ಚಿರಿ, ಉಪ್ಪಿನಕಾಯಿಗಾದರೂ ಆದೀತು ಅಂದೆ. ಕೇಳಬೇಕಲ್ಲ?

ಎರಡು ವರ್ಷದ ಕೆಳಗೆ ಮಹಾಕೂಟದ ದಾರಿಯಿಂದ ಬೀಜ ತಂದು, ಒಂದೊಂದನ್ನೂ ಕಲ್ಲಿಗೆ ತಿಕ್ಕಿ, ಬಿಸಿನೀರಿನಲ್ಲಿ ನೆನೆಹಾಕಿದರು. ಆಮೇಲೆ ಅಕ್ಕನ ಹೊಸ್ತಿಲಿನಿಂದ ಮುದುಕಿಯಂತೆ ಸಣ್ಣ ಸಣ್ಣ ಹೆಜ್ಜೆ ಎಣಿಸುತ್ತ ಬಂದು ತಗ್ಗು ತೋಡಿದರು. ದೂರವಾಯಿತೆಂದು ಮುಚ್ಚಿದರು. ಮತ್ತೆ ತೋಡಿದರು, ಮತ್ತೆ ಮುಚ್ಚಿದರು. ಮೂರನೆಯದು ಒಂಬತ್ತು ಹೆಜ್ಜೆಗೆ ಬಿತ್ತು, ಸರಿಯಾಗಿ ನನ್ನ ಸ್ಕೂಟರ್ ನಿಲ್ಲುವ ಜಾಗಕ್ಕೆ!

"ಇದೇನು ವಾಸ್ತು ಏನ್ರಿ, ಮಾಮಾ?"

"ಅಲ್ಲ, ಗಣಿತ," ಅಂದರು.

ಗಿಡಕ್ಕೆ ಬಿಸಿಲು ಬೇಕಂತೆ. ಸ್ಕೂಟರಿಗೆ ನೆರಳಾಗಿದ್ದ ತಗಡನ್ನೂ ಇಳಿಸಿದರು. ಸ್ಕೂಟರ್ ಓಣಿಗೆ ಹೋಯಿತು, ಸೀಟು ಬಿಸಿಲಿಗೆ ಹಪ್ಪಳವಾಯಿತು.

ಇಷ್ಟಾದ ಮೇಲೆ ಆರೈಕೆ ಏನು? ನೀರಿಲ್ಲ, ಗೊಬ್ಬರವಿಲ್ಲ! ಕರಿ ಮಣ್ಣು ತೆಗೆದು, ನೀರು ನಿಲ್ಲದ ಕಲ್ಲುಕಲ್ಲು ಗರಸು ತುಂಬಿದರು. ಆಗಾಗ ಎಳೆ ತುದಿ ಚಿವುಟುವುದು, ಉಳಿದಂತೆ ಕುರ್ಚಿ ಹಾಕಿಕೊಂಡು ಕಾಯುವುದು. ಇದನ್ನು ಆರೈಕೆ ಅನ್ನುತ್ತಾರೆಯೇ?

ಈ ಶ್ರಾವಣದಲ್ಲಿ ಅಕ್ಕನನ್ನು ಕರೆದುಕೊಂಡು ಬಾದಾಮಿಗೆ, ಮಗಳ ಮನೆಗೆ, ಎಂಟು ದಿನ ಹೋದರು. ಗಿಡದ ಹತ್ತಿರ ಸುಳಿಯಬೇಡ ಎಂದು ಮೂರು ಸಲ ಹೇಳಿಹೋದರು. ಆದರೆ ಕಣ್ಣೆದುರಿಗಿನ ಜೀವವನ್ನು ಒಣಗಲು ಬಿಡುವುದುಂಟೇ? ದಿನಾ ಎರಡು ಕೊಡ ನೀರು, ಮೇಲೊಂದು ಬುಟ್ಟಿ ಸಗಣಿಗೊಬ್ಬರ. ಅವರು ಬರುವ ಹೊತ್ತಿಗೆ ಎಲೆಯೆಲ್ಲ ಹಳದಿಯಾಗಿ ಉದುರಿತ್ತು.

ಮಾಮಾ ಬೈಯಲಿಲ್ಲ. ಗೊಬ್ಬರ ಕೆದರಿ ತೆಗೆಯುತ್ತ, "ದೀಪಾವಳಿಗೆ ಹೂ ಬೇಕಾಗಿತ್ತವ್ವ," ಅಂದರು.

"ಅಷ್ಟೇ ಹೌದಿಲ್ರಿ? ಬುಟ್ಟಿಗಟ್ಟಲೆ ತರಸ್ತೇನಿ."

"ತಂದ ಹೂ ನಡಿಯೂದಿಲ್ಲ. ನೀ ಸೀರಿ ಮಾರು, ಗಿಡದ ಉಸಾಬರಿ ಬಿಡು."

ಅವತ್ತಿನಿಂದ ಅಂಗಡಿಗೆ ಹೋಗುವ ಮೊದಲು ಕದ್ದು ಕದ್ದು ಆ ಬೋಳು ಕಡ್ಡಿಗಳಲ್ಲಿ ಚಿಗುರು ಹುಡುಕುವ ಕೆಲಸ ನನಗೆ ಗಂಟುಬಿತ್ತು!

ದೀಪಾವಳಿ ಪಾಡ್ಯದಂದು ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ ಕೂಡಿಸಿ, ತಲೆಗೆ ಹೊನ್ನಾವರಿಕೆ ಸಿಕ್ಕಿಸುವುದು ನಮ್ಮ ಮನೆಯ ಪದ್ಧತಿ. ತನ್ನ ಕೈಯಾರೆ ಕಿತ್ತ ಹೂವೇ ಆಗಬೇಕೆಂಬುದು ಅಕ್ಕನ ಹಟ. ಹುನಗುಂದದ ದಾರಿಗೆ ತಾನೇ ನಡೆದು ಹೋಗುತ್ತಿದ್ದಳು. ಮೊಣಕಾಲು ಹೋಗಿ ಹತ್ತು ಹೆಜ್ಜೆಯೂ ನಡೆಯಲಾಗದಾದ ಮೇಲೆ ಎರಡು ವರ್ಷ ಪಾಂಡವರು ಬೋಳು ತಲೆಯಲ್ಲೇ ಕೂತಿದ್ದರು.

ಈ ಸಲ ಗಿಡದಲ್ಲಿ ಒಂದೇ ಒಂದು ಗೊಂಚಲಿತ್ತು. ಮುಳ್ಳುಬೇಲಿಯನ್ನು ಮಾಮಾ ಬೆಳಿಗ್ಗೆಯೇ ಬಿಚ್ಚಿಟ್ಟಿದ್ದರು.

ಅಕ್ಕ ಗೋಡೆ ಹಿಡಿದು ಹೊಸ್ತಿಲು ದಾಟಿದಳು. ನಾನು ಕೈ ಕೊಡಲು ಹೋದೆ, ಮಾಮಾ ಕಣ್ಣಲ್ಲೇ ತಡೆದರು. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಏಳು... ಎಂಟು... ಒಂಬತ್ತಕ್ಕೆ ಅಕ್ಕನ ಕೈ ಟೊಂಗೆಗೆ ತಾಗಿತು. ಅಲ್ಲಿಗೆ ಅವಳ ಕಾಲೂ ನಿಂತಿತು.

ಸ್ಕೂಟರ್ ಇನ್ನೂ ಓಣಿಯಲ್ಲೇ ಒಣಗುತ್ತಿದೆ. ಅಲ್ಲೇ ಇರಲಿ.