ಕತ್ತರಿಗೆ ಸಿಕ್ಕವರು

"ಉಪಪಾತ್ರಗಳು ಸಂತೆ ನೆರೆದಂಗಿವೆ ಸಾರ್. ದರ್ಜಿ, ಮನೆಯೊಡತಿ, ಅವರ ಜಗಳ, ಇದೆಲ್ಲ ಯಾರಿಗ್ಬೇಕು? ಸಂಜೆಯೊಳಗೆ ಕತ್ತರಿಸಿ ಕಳ್ಸಿ. ಇಲ್ಲಾಂದ್ರೆ ಅಚ್ಚಿಗೆ ಹೋಗಲ್ಲ," ಎಂದು ಪ್ರಕಾಶಕರು ಬೆಳಿಗ್ಗೆಯೇ ಫೋನಿಟ್ಟರು.

ಲೇಖಕನ ಮೊದಲ ಕಾದಂಬರಿ ಅದು. ಅರ್ಧ ಆಯುಸ್ಸು ಅದರಲ್ಲೇ ಸವೆದಿತ್ತು. ಪಾತ್ರಗಳಿಗಾಗಿ ಅವನು ದೂರ ಹೋದವನಲ್ಲ. ಕೆಳಗಿನ ಅಂಗಡಿಯ ದರ್ಜಿಯನ್ನೂ ತನ್ನ ಬಾಡಿಗೆಮನೆಯ ಒಡತಿಯನ್ನೂ ಇದ್ದ ಹಾಗೇ ಎತ್ತಿ ಹಾಕಿದ್ದ. ನೀರಿನ ಜಗಳವಾದಾಗಿನಿಂದ ಅವರಿಬ್ಬರಿಗೆ ಮಾತಿಲ್ಲ. ಹೇಳುವುದಿದ್ದರೆ ಮೆಟ್ಟಿಲಿಗೆ ಹೇಳುತ್ತಿದ್ದರು.

"ಯಾರೋ ನಲ್ಲಿ ಬಿಟ್ಟು ಹೋಗಿದಾರಪ್ಪ," ಎಂದು ಒಡತಿ ಮೆಟ್ಟಿಲಿಗೆ ಹೇಳಿದಳು.

"ಕೆಲವರಿಗೆ ಬೇರೆಯವರ ನಲ್ಲೀನೇ ಕಾಣೋದು," ಎಂದು ದರ್ಜಿಯೂ ಮೆಟ್ಟಿಲಿಗೇ ಹೇಳಿದ.

ಲೇಖಕ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ದರ್ಜಿಯನ್ನು ಅಳಿಸಿದ. ಕೆಳಗೆ ಹೊಲಿಗೆ ಮಿಷನ್ ತಟ್ಟನೆ ನಿಂತಿತು. ಒಡತಿಯನ್ನು ಅಳಿಸಿದ. ಮೆಟ್ಟಿಲ ಮೇಲಿನ ಗೊಣಗಾಟ ಅರ್ಧ ಮಾತಿನಲ್ಲಿ ಕಡಿಯಿತು. ಕಟ್ಟಡವೆಲ್ಲ ಒಲೆ ಆರಿದ ಅಡುಗೆಮನೆಯಂತೆ ತಣ್ಣಗಾಯಿತು.

ಓಡಿ ಕೆಳಗಿಳಿದ. ಅಂಗಡಿ ಇದ್ದಲ್ಲಿ ಗೋಡೆ. ಹಳೇ ಗೋಡೆ, ಪಾಚಿ ಕಟ್ಟಿದ್ದು.

ಮೇಲೆ ಓಡಿಬಂದು ಇಬ್ಬರನ್ನೂ ಮತ್ತೆ ಬರೆದ. ಮಿಷನ್ ಟಕಟಕ ಎಂದಿತು. ಒಡತಿ ಬಾಗಿಲಲ್ಲಿ ಇಣುಕಿದಳು.

"ಏನಪ್ಪ, ಮುಖ ಸುಣ್ಣದ ಹಾಗಾಗಿದೆ? ನಂಗೂ ಈಗ ಒಂಥರಾ ಆಯ್ತು ನೋಡು. ಮೆಟ್ಟಿಲು ಹತ್ತುತಾ ಇದ್ದೆ, ಕಾಲೇ ಇರ್ಲಿಲ್ಲ. ವಾಯು ಇರ್ಬೇಕು."

ಅವನು ಪ್ರಕಾಶಕರಿಗೆ ಫೋನ್ ಮಾಡಿ, ಒಬ್ಬರನ್ನೂ ತೆಗೆಯಲಾರೆ ಎಂದ.

"ನಾನೇ ಫೋನ್ ಮಾಡೋನಿದ್ದೆ. ಮತ್ತೆ ಓದ್ದೆ ಸಾರ್. ಆ ಇಬ್ಬರು ಮೆಟ್ಟಿಲಿಗೆ ಮಾತಾಡೋದ್ರಲ್ಲೇ ಇಡೀ ಬೀದಿ ಇದೆ. ಮುನಿಸು, ಮಾನ, ಹಟ, ಎಲ್ಲಾ. ಭಾರ ಆಗಿರೋನು ನಾಯಕ. ಕಿಟಕಿ ಹತ್ರ ಕೂತು ನಿಟ್ಟುಸಿರು ಬಿಡ್ತಾನೆ, ಅಷ್ಟೆ. ಅವನನ್ನ ತೆಗೀರಿ, ನಾಳೆನೇ ಅಚ್ಚಿಗೆ."

ನಾಯಕ ಯಾರೆಂದು ಲೇಖಕ ಯಾರಲ್ಲೂ ಒಪ್ಪಿಕೊಂಡವನಲ್ಲ, ತನ್ನಲ್ಲಿ ಕೂಡ. ನಾಯಕ ಬರೀ ಕಲ್ಪನೆ ಎಂದುಕೊಂಡ. ಅಳಿಸಿದ, ಕಳಿಸಿದ, ಹಗುರಾಗಿ ಕುರ್ಚಿಗೆ ಒರಗಿದ. ತೀರ ಹಗುರಾಗಿ.

ಸಂಜೆ ಬೀಗ ತೆಗೆಯುವ ಸದ್ದಾಯಿತು. ಒಡತಿ ಮನೆ ತೋರಿಸಲು ಒಂದು ದಂಪತಿಯನ್ನು ಕರೆತಂದಿದ್ದಳು. "ಗಾಳಿ ಬೆಳಕು ಚೆನ್ನಾಗಿದೆ ನೋಡಿ," ಎನ್ನುತ್ತ ಅವನು ಕೂತಿದ್ದ ಕುರ್ಚಿಯಲ್ಲೇ ಕೂತಳು. ಅವನು ಕೂಗಿದ. ಮನೆ ನೋಡಲು ಬಂದಿದ್ದ ಹೆಂಗಸು ಕಿಟಕಿ ಮುಚ್ಚಿದಳು, ಗಾಳಿ ಜಾಸ್ತಿಯಾಯಿತೆಂದು.

ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಒಡತಿ ಎತ್ತಿದಳು.

"ಅದ್ಭುತವಾಗಿದೆ. ಬರೆದೋರ ಹೆಸರು ಏನಂತ ಹಾಕೋದು?" ಎಂದರು ಪ್ರಕಾಶಕರು.

"ಬರೆಯೋರು ಅಂತ ಇಲ್ಲಿ ಯಾರೂ ಇಲ್ಲಪ್ಪ," ಎಂದಳು ಒಡತಿ. "ಮನೆ ಖಾಲಿ ಇದೆ. ಬೇಕಿತ್ತಾ?"