ಅಣ್ಣನ ಧೂಳು ನುಂಗುವ ಗೋಡೆ

ನಮ್ಮಣ್ಣನನ್ನು ಕಂಡರೆ ರಾಜಾಜಿನಗರದ ಗೋಡೆಗಳೇ ಹೆದರುತ್ತಿದ್ದವು ಅಂದರೆ ನಂಬುತ್ತೀರಾ? ನಂಬಿ! ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಉತ್ಪ್ರೇಕ್ಷೆ ಮಾಡುವಷ್ಟು ಓದಿಲ್ಲ.

ಅವನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಮರ ಕೊಯ್ದ ಹೊಟ್ಟನ್ನು ಕೊಳವೆಯೊಂದು ತಾನೇ ಎಳೆದುಕೊಂಡು ಹೊರಗೆ ಹಾಕುತ್ತಿತ್ತಂತೆ. ಅದನ್ನು ನೋಡಿ ಬಂದವನೇ ಸುತ್ತಿಗೆ, ಉಳಿ ಹಿಡಿದ.

"ಕಸ ಗುಡಿಸಿದ್ರೆ ನಿಂಗೆ ಉಬ್ಬಸ ಬರುತ್ತಲ್ಲ? ಇನ್ಮೇಲೆ ಗೋಡೇನೇ ಧೂಳು ನುಂಗುತ್ತೆ ಕಣೇ!" ಅಂದ ನನಗೆ.

"ಕಟ್ಟಿರೋ ಮನೆ ಯಾಕೋ ಕೆಡವ್ತೀಯ?" ಅಂದಳು ಅಮ್ಮ.

"ಕೆಡವ್ತಿಲ್ಲಮ್ಮ, ಮೂಗು ಚುಚ್ತಿದೀನಿ."

ಕೋಣೆಗೊಂದು ತೂತು, ತೂತಿಗೊಂದು ತಗಡಿನ ಕೊಳವೆ. ಎಲ್ಲ ಹೋಗಿ ಸೇರುವುದು ಹಿತ್ತಲಿನ ಡ್ರಮ್ಮಿಗೆ. ಅದಕ್ಕೆ ಗುಜರಿಯಿಂದ ತಂದ ಮೋಟಾರು. ಕೊರೆದ ಧೂಳನ್ನು ಗುಡಿಸಿದವರು ಯಾರು ಅಂತೀರಿ? ನಾನೇ! ಉಬ್ಬಸವೂ ಬಂತು. ನಲ್ಲಿಯ ಹತ್ತಿರ ಹುಡುಗಿಯರು, "ತೂತುಮನೆಯೋಳು ಬಂದ್ಲು, ಕೊಡಾನಾದ್ರೂ ನೆಟ್ಟಗಿದ್ಯೇನೇ?" ಅಂದರು.

"ಒಂದು ದಿನ ನೋಡ್ತೀನಿ, ಕೆಲಸ ಮಾಡ್ಲಿಲ್ವೋ, ಗಾರೆ ಮೆತ್ತಿಸ್ತೀನಿ" ಅಂದಳು ಅಮ್ಮ.

ಆ ದಿನ ಶುಕ್ರವಾರ. ಅಮ್ಮನೇ ಡ್ರಮ್ಮಿಗೆ ಅರಿಶಿನ ಕುಂಕುಮ ಇಟ್ಟಳು. ಮೋಟಾರು ಗುರ್ರೆಂದಿತು. ನಡುಮನೆಯ ಧೂಳು ಸರ್ರನೆ ಹೋಯಿತು. ಹಿಂದೆಯೇ ಅಮ್ಮ ಹೊಸೆದಿಟ್ಟಿದ್ದ ಹೂಬತ್ತಿಗಳೂ!

"ನಿನ್ ಮಿಷಿನ್‌ಗೆ ನಿನಗಿಂತ ಭಕ್ತಿ ಜಾಸ್ತಿ ಕಣೋ."

ಅಣ್ಣ ಮೋಟಾರು ನಿಲ್ಲಿಸಿ, ಪಕ್ಕದ ಮನೆಯವರನ್ನು ಕರೆಯಲು ಓಡಿದ.

ಅಷ್ಟರಲ್ಲಿ ಅಮ್ಮ ದೀಪ ಹಚ್ಚಿದಳು. ದೀಪ ಹಚ್ಚಿದ ಮೇಲೆ ಕಸ ಆಚೆ ಹೋದರೆ ಲಕ್ಷ್ಮಿಯೂ ಹೋಗುತ್ತಾಳಲ್ಲ! ಡ್ರಮ್ಮಿನ ಗಾಳಿ ಹೊರಗೆ ಹೋಗುವ ಬಾಯಿಗೆ ಹಳೇ ಸೀರೆ ತುರುಕಿ, ನಿಶ್ಚಿಂತೆಯಿಂದ ಒಳಗೆ ಹೋದಳು. ನಾನು ನೋಡಿದೆ. ಗಾಳಿಗೆ ದಾರಿ ಬೇಕೆಂದು ಅಣ್ಣ ನನಗೆ ಬಿಡಿಸಿ ಹೇಳಿದ್ದ. ಆದರೂ ಸುಮ್ಮನಿದ್ದೆ.

ಪಕ್ಕದ ಮನೆಯ ರಾಯರು ಬಂದು ಡ್ರಮ್ಮಿನ ಮೇಲೆ ಬಗ್ಗಿದರು. ಅಣ್ಣ ಮೋಟಾರು ಹಾಕಿದ. ಢಮಾರ್! ಮುಚ್ಚಳ ಹಾರಿತು. ರಾಯರು ಮೈತುಂಬ ವಿಭೂತಿ ಬಳಿದುಕೊಂಡವರಂತೆ ನಿಂತಿದ್ದರು.

"ಚೆನ್ನಾಗಿದೆ ಕಣಪ್ಪ," ಅಂದರು ಕಣ್ಣು ಪಿಳುಕಿಸುತ್ತಾ, "ನಮ್ಮನೆಗೆ ಮಾತ್ರ ಬೇಡ."

ಎಲ್ಲರೂ ನಗುತ್ತಿರುವಾಗ ನಾನು ಸೀರೆ ಎಳೆದು ಒಗೆಯುವ ಬಟ್ಟೆಗಳೊಳಗೆ ಹುದುಗಿಸಿದೆ. ಅಮ್ಮನ ಮಾನ ಉಳಿಸಲು ಅಂದುಕೊಂಡಿರಾ? ಅಲ್ಲ, ಗಾರೆ ಬಿದ್ದು ತೂತುಮನೆ ಅನ್ನುವ ಹೆಸರು ತೊಲಗಲಿ ಅಂತ!

ಅಣ್ಣ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ನಾನೆಲ್ಲಿ ತಪ್ಪು ಮಾಡಿದ್ನೇ?" ಅಂತ ನನ್ನನ್ನೇ ಕೇಳಿದ.

"ನಂಗೇನ್ ಗೊತ್ತು, ಓದಿದೋಳಾ ನಾನು?"

ಮರುದಿನ ತೂತುಗಳಿಗೆಲ್ಲ ಗಾರೆ ಬಿತ್ತು. ಉದುರಿದ್ದನ್ನು ಗುಡಿಸಲು ಹೋದರೆ ಅಣ್ಣ ಬಂದು ಪೊರಕೆ ಕಿತ್ತುಕೊಂಡ.

"ಆಚೆ ಜಗಲಿ ಮೇಲೆ ಕೂತ್ಕೋ. ಧೂಳು ಅಡಗಿದ್ಮೇಲೆ ಕರೀತೀನಿ."

ಗಂಡಸು ಕಸ ಗುಡಿಸುವುದೇ! ಬೀದಿಯವರು ಕಿಟಕಿಯಲ್ಲಿ ಇಣುಕಿ ನಕ್ಕರು. ಅಣ್ಣ ತಲೆ ಎತ್ತಲಿಲ್ಲ. ನನ್ನ ಮದುವೆಯಾಗುವವರೆಗೂ ದಿನಾ ಬೆಳಿಗ್ಗೆ, ಡ್ಯೂಟಿಗೆ ಹೋಗುವ ಮುಂಚೆ, ಅವನೇ ಗುಡಿಸಿದ. ನಾನು ಜಗಲಿಯ ಮೇಲೆ ಕೂತು ಸಲೀಸಾಗಿ ಉಸಿರಾಡುತ್ತಿದ್ದೆ. ಆ ಸೀರೆಯ ವಿಷಯ ಮಾತ್ರ ಒಂದು ದಿನವೂ ಬಾಯಿಗೆ ಬರಲಿಲ್ಲ.