ಮರ್ಯಾದೆಗೆ ಕರೆದರೆ ಮನೆಗೇ ಬಂದರು

ಇಲ್ಲಿ ಬರೆದಿರುವ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ನಮ್ಮ ಹಿಲ್ಸ್‌ಬರೋ ಮನೆಯ ತುಳಸಿ ಗಿಡ ಮುಟ್ಟಿ ಹೇಳುತ್ತೇನೆ. ಬೇರೆಯವರ ಬದುಕಿನಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ಹೆಚ್ಚು. ನನ್ನ ಜಾತಕ ಹಾಗಲ್ಲ. ಕಸದ ಡಬ್ಬಿಯನ್ನು ರಸ್ತೆ ಬದಿಗೆ ಎಳೆದಿಟ್ಟು ವಾಪಸು ಬರುವಷ್ಟರಲ್ಲಿ ನನಗೊಂದು ಪ್ರಸಂಗ ಎದುರಾಗಿರುತ್ತದೆ.

ಕಳೆದ ವರ್ಷದ ಪ್ರಸಂಗಗಳಿಗೆಲ್ಲ ಕಾರಣ ಪಕ್ಕದ ಮನೆಯ ಹುಡುಗಿ. ಅಪ್ಪ ಅಮ್ಮ ಬೆಂಗಳೂರಿನವರು. ಇವಳು ಹುಟ್ಟಿ ಬೆಳೆದಿದ್ದು ಇಲ್ಲೇ ನ್ಯೂಜೆರ್ಸಿಯಲ್ಲಿ, ಅಪ್ಪಟ ಅಮೆರಿಕನ್. ಕಾಲೇಜು ಮುಗಿಸಿ, ಮ್ಯಾನ್‌ಹಟನ್‌ಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡಿ ಮಾಡಿ ಸುಸ್ತಾಗಿ, ಒಂದು ದಿನ ಯಾರಿಗೂ ಹೇಳದೆ ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಹಿಡಿದುಬಿಟ್ಟಳು. ಮಕ್ಕಳ ಆಟಿಕೆ ಡಿಸೈನ್ ಮಾಡುವ ಕೆಲಸ.

ಅವರಮ್ಮ ಗಾಬರಿಯಾದರು. ಇವಳಿಗೆ ಅಲ್ಲಿ ಯಾರ ಜೊತೆ ಹೇಗೆ ಮಾತಾಡಬೇಕು ಅಂತಲೂ ಗೊತ್ತಿಲ್ಲ, ನಾಲ್ಕು ಜನರ ನಡುವೆ ಹೇಗಿರ್ತಾಳೆ ಎಂದು ನಮ್ಮ ಮನೆಗೆ ಬಂದು ಕೂತರು. ನಾನು ಎದೆ ತಟ್ಟಿದೆ. "ಮೈಸೂರು ನಮ್ಮೂರು ಕಣ್ರೀ. ಅಲ್ಲಿನ ಕಲ್ಲು ಕಲ್ಲೂ ನನಗೆ ಗೊತ್ತು. ನಾನು ರೆಡಿ ಮಾಡಿ ಕಳಿಸ್ತೀನಿ, ಬಿಡಿ."

ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಕೆಮ್ಮು ಬಂತು. ಅವಳಿಗೆ ಪೋಲೆನ್ ಅಲರ್ಜಿ.

ಅವರಮ್ಮ ಯೋಚನೆ ಮಾಡಿ ಒಂದು ಷರತ್ತು ಹಾಕಿದರು. ಮೊದಲು ಒಂದೇ ವರ್ಷ. ರಜೆಗೆ ಬಂದಾಗ ತಾವೇ ಪರೀಕ್ಷೆ ಮಾಡುವುದು. ಹುಡುಗಿ ಅಲ್ಲಿನ ಜನರ ಜೊತೆ ಹೊಂದಿಕೊಂಡಿದ್ದಾಳೆ ಅನ್ನಿಸಿದರೆ ಎರಡನೇ ವರ್ಷ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ. ಜವಾಬ್ದಾರಿ ನನ್ನದು. ಇಪ್ಪತ್ನಾಲ್ಕರ ಹುಡುಗಿ, ಹೊರಟರೆ ತಡೆಯುವವರಿಲ್ಲ. ಆದರೂ ಅಮ್ಮನ ಮುಖ ಬಾಡಿದರೆ ಅವಳ ಕಾಲು ಏಳುವುದಿಲ್ಲ. ಹಾಗಾಗಿ ಅವಳ ಭವಿಷ್ಯವೂ ನನ್ನ ಮಾನವೂ ಒಂದೇ ತಕ್ಕಡಿಯಲ್ಲಿ ಕೂತವು.

ರಸ್ತೆ ದಾಟುವ ವಿದ್ಯೆ

ಮೊದಲ ಪಾಠ ರಸ್ತೆ ದಾಟುವುದು. ಇಲ್ಲಿ ಬೆಳೆದ ಮಕ್ಕಳು ಬಟನ್ ಒತ್ತಿ, ದೀಪ ಬರುವ ತನಕ ದೇವರ ಮುಂದೆ ನಿಂತ ಹಾಗೆ ನಿಂತಿರುತ್ತವೆ. ಮೈಸೂರಿನಲ್ಲಿ ಹಾಗೆ ನಿಂತರೆ ನಿಂತಲ್ಲೇ ವಯಸ್ಸಾಗುತ್ತದೆ. ಆದ್ದರಿಂದ ಒಂದು ಶನಿವಾರ ಬೆಳಿಗ್ಗೆ ಅವಳನ್ನು ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದೆ. ನಾನು ಶಾಪಿಂಗ್ ಕಾರ್ಟ್ ಹಿಡಿದು, ಬಾಯಲ್ಲೇ ಹಾರ್ನ್ ಮಾಡುತ್ತಾ ಅವಳ ಮೇಲೆ ನುಗ್ಗುವುದು. ಅವಳು ಓಡಬಾರದು, ನಿಲ್ಲಲೂಬಾರದು. ಒಂದು ಕೈ ಅಡ್ಡ ಹಿಡಿದು, ನನ್ನ ಮುಖ ನೋಡದೆ, ಮಹಾರಾಣಿಯ ಹಾಗೆ ನಡೆದು ಹೋಗಬೇಕು.

ಮೂರನೇ ಸಲ ನುಗ್ಗುವಾಗ ಅಂಗಡಿಯ ಮಾಲೀಕರು ಹೊರಗೆ ಬಂದರು. ಗುಜರಾತಿನ ಹಿರಿಯರು. ಹುಡುಗಿಗೆ ಯಾಕೆ ಗುದ್ದುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಇಂಡಿಯಾಕ್ಕೆ ಹೊರಟಿದ್ದಾಳೆ, ಟ್ರೈನಿಂಗ್ ಎಂದೆ. ಅವರು ನನ್ನ ಕಾರ್ಟು ಬರುವ ದಿಕ್ಕನ್ನು ನೋಡಿ, ಇದು ತಪ್ಪು ಪಾಠ ಎಂದು ತಲೆ ಅಲ್ಲಾಡಿಸಿದರು. ಆಮೇಲೆ ತಾವೂ ಒಂದು ಕಾರ್ಟು ಎಳೆದುಕೊಂಡು ರಾಂಗ್ ಸೈಡಿನಿಂದ ನುಗ್ಗಿದರು.

ಮನೆಗೆ ಬನ್ನಿ

ಅವಳು ಮೈಸೂರು ಸೇರಿದ ಮೇಲೆ ವಾರಕ್ಕೊಂದು ವಿಡಿಯೋ ಕಾಲ್. ಮೊದಲ ಕಾಲಿನಲ್ಲೇ ಮುಖ ಅರಳಿತ್ತು. ಆಫೀಸಿನ ಸಹೋದ್ಯೋಗಿಯೊಬ್ಬ ಸಂಜೆ ಲಿಫ್ಟಿನಲ್ಲಿ, "ಒಂದಿನ ಮನೆಗೆ ಬನ್ನಿ ಊಟಕ್ಕೆ" ಅಂದನಂತೆ. ಇವಳು ಅಮೆರಿಕನ್ ಅಲ್ಲವೆ? ಅಲ್ಲೇ ಫೋನ್ ತೆಗೆದು ಕ್ಯಾಲೆಂಡರ್ ಬಿಚ್ಚಿ, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದ್ದಾಳೆ. ಆತ ಲಿಫ್ಟಿನ ಬಾಗಿಲು ನೋಡಿದ್ದಾನೆ. ಬಾಗಿಲು ತೆರೆಯಲಿಲ್ಲ. "ಭಾನುವಾರ" ಅಂದುಬಿಟ್ಟಿದ್ದಾನೆ.

ಭಾನುವಾರ ಹನ್ನೆರಡೂವರೆಗೆ ಸರಿಯಾಗಿ, ಕೈಯಲ್ಲಿ ಹೂವಿನ ಗೊಂಚಲು ಹಿಡಿದು ಇವಳು ಬೆಲ್ ಒತ್ತಿದ್ದಾಳೆ. ಆತ ಬನಿಯನ್ನು ಹಾಕಿಕೊಂಡು, ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದ. ಕರೆದ ವಿಷಯ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹೆಂಡತಿ ಅವನನ್ನು ಒಂದು ಸಲ ನೋಡಿದಳಂತೆ. ಆ ನೋಟಕ್ಕೆ ಸ್ಟೂಲು ಅಲ್ಲಾಡಿತಂತೆ. ಅವನ ಅಮ್ಮ ಮಾತ್ರ ಒಂದು ಚೂರೂ ತೋರಿಸಿಕೊಳ್ಳದೆ, ಒಳಗೆ ಹೋಗಿ ಸಾರಿಗೆ ನೀರು ಬೆರೆಸಿ ಮತ್ತೊಂದು ಒಗ್ಗರಣೆ ಹಾಕಿ, ಉಳಿದ ಅನ್ನವನ್ನು ಚಿತ್ರಾನ್ನ ಮಾಡಿ, ಸಾಕು ಸಾಕು ಅಂದರೂ ಬಿಡದೆ ಬಡಿಸಿದರಂತೆ.

ನಾನು ಹಣೆ ಚಚ್ಚಿಕೊಂಡು ಇಲ್ಲಿಂದ ಪಾಠ ಮಾಡಿದೆ. "ಬೀದೀಲಿ, ಲಿಫ್ಟಲ್ಲಿ ಕರೆದ್ರೆ ಅದು ಬರೀ ಮರ್ಯಾದೆಗಮ್ಮಾ. ಹೂಂ, ಬರ್ತೀನಿ ಅಂದು ಸುಮ್ನಿರ್ಬೇಕು. ನೀನೂ ಕಂಡೋರನ್ನೆಲ್ಲ ಕರೀತಾ ಇರು, ಚೆನ್ನಾಗಿರುತ್ತೆ. ಕರೆದ್ರೆ ಯಾರೂ ಬರಲ್ಲ."

ಆ ಸಹೋದ್ಯೋಗಿ ಈಗ ಲಿಫ್ಟಿನಲ್ಲಿ ಅವಳನ್ನು ಕಂಡರೆ ಮೆಟ್ಟಿಲು ಹತ್ತುತ್ತಾನೆ. ಅವನ ಅಮ್ಮ ಮಾತ್ರ ಪ್ರತಿ ಶನಿವಾರ ಇವಳಿಗೇ ಫೋನ್ ಮಾಡಿ, ನಾಳೆ ಏನು ಮಾಡಲಿ ಎಂದು ಕೇಳುತ್ತಾರೆ.

ಕೊಸರು

ಆಮೇಲೆ ಮಾರ್ಕೆಟ್ಟು. ತರಕಾರಿ ಮಾರುವ ಹೆಂಗಸು ತೂಕ ಮಾಡಿ ಕೊಟ್ಟ ಮೇಲೆ, ಕೊಸರಾಗಿ ಒಂದು ಹಿಡಿ ಕರಿಬೇವು ಇವಳ ಚೀಲಕ್ಕೆ ಹಾಕಿದಳಂತೆ. ನಮ್ಮ ಸತ್ಯಹರಿಶ್ಚಂದ್ರೆ, ಇದು ನಾನು ಕೇಳಿದ್ದಲ್ಲ ಎಂದು ವಾಪಸು ಇಟ್ಟಳು. ಆ ಹೆಂಗಸಿಗೆ ಅವಮಾನ. ಕರಿಬೇವಿನ ಜೊತೆ ಎರಡು ಹಸಿಮೆಣಸಿನಕಾಯಿ ಸೇರಿಸಿ ಮತ್ತೆ ಹಾಕಿದಳು. ಇವಳು ಮತ್ತೆ ಇಟ್ಟಳು. ಶುಂಠಿ ಸೇರಿತು. ಪಕ್ಕದ ಅಂಗಡಿಯವಳು, ಪಾಪ, ಹುಡುಗಿಗೆ ಕಮ್ಮಿಯಾಯ್ತೇನೋ ಎಂದು ಕೊತ್ತಂಬರಿ ಕಟ್ಟು ತಂದಳು.

ನನಗೆ ಫೋನ್ ಬಂದಾಗ ಅವಳ ಚೀಲದಲ್ಲಿ ಕೊಂಡ ತರಕಾರಿಗಿಂತ ಕೊಸರೇ ಹೆಚ್ಚಿತ್ತು. ಕೊಟ್ಟರೆ ತಗೋಬೇಕು, ಕೊಡದಿದ್ದರೆ ಕೇಳಬೇಕು ಎಂದು ಹೇಳಿಕೊಟ್ಟೆ. ಕೇಳುವುದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ತೆಗೆದುಕೊಂಡು ಎರಡು ಮಾತ್ರೆ ಕೊಸರು ಕೇಳಿದಳಂತೆ.

ಆ ಭಾನುವಾರ

ವರ್ಷ ತುಂಬಿತು. ಆಗಸ್ಟಿನಲ್ಲಿ ಹುಡುಗಿ ರಜೆಗೆ ಬಂದಳು. ಏನು ಕಳೆ, ಏನು ಕನ್ನಡ. ಮೊದಲು ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ಈಗ ಕಾರಿಳಿದ ಕೂಡಲೇ, "ಏನ್ ಅಂಕಲ್, ಹೊಟ್ಟೆ ಬಂದಿದೆ, ಕಾಫಿ ಆಯ್ತಾ?" ಎಂದಳು. ನನಗೆ ರೋಮಾಂಚನ. ಅವಳಿಗೆ ಮಾತ್ರ ಒಳಗೊಳಗೇ ದಿಗಿಲು. ಕಂಪನಿಯವರು ಇನ್ನೊಂದು ವರ್ಷ ಇರು ಎಂದಿದ್ದಾರೆ, ಅಮ್ಮ ಇನ್ನೂ ಏನೂ ಹೇಳಿಲ್ಲ, ಭಾನುವಾರ ಮಧ್ಯಾಹ್ನ ತೀರ್ಮಾನ ಎಂದಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಭಾನುವಾರ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಅವರಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು, ನೈಟಿಯಲ್ಲಿ, ನ್ಯಾಯಾಧೀಶರ ಹಾಗೆ ಸೋಫಾದ ಮೇಲೆ ಕೂತಿದ್ದರು. ಅವರಪ್ಪ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಅವರ ಹುಲ್ಲು ಯಾವಾಗಲೂ ಬೆಳೆದಿರುತ್ತದೆ. ಅವರಮ್ಮ ಗಂಟಲು ಸರಿಮಾಡಿಕೊಂಡು, "ನೋಡು ಪುಟ್ಟಿ, ನಾನು ಯೋಚನೆ ಮಾಡಿದೆ" ಅಂದರು.

ಬೆಲ್ ಆಯಿತು.

ಬಾಗಿಲಲ್ಲಿ ಎದುರು ಮನೆಯ ಬಿಳಿಯ ಅಜ್ಜ ಅಜ್ಜಿ, ಕೈಯಲ್ಲಿ ಬ್ಲೂಬೆರಿ ಪೈ. ಊಟಕ್ಕೆ ಬಂದಿದ್ದೇವೆ, ತಡವಾಗಲಿಲ್ಲ ತಾನೆ ಎಂದರು. ಅವರನ್ನು ಕೂರಿಸುವಷ್ಟರಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು, ಹೂವಿನ ಕುಂಡ ಹಿಡಿದು. ಅವರ ಹಿಂದೆ, ರಸ್ತೆ ಬದಿಯಲ್ಲಿ ಮುಸುಕಿನ ಜೋಳ ಮಾರುವ ಗಡ್ಡದ ರೈತ. ಆ ವಾರ ಹುಡುಗಿ ಅವನ ಹತ್ತಿರವೂ ಕೊಸರು ಕೇಳಿ, ಅದೇನೆಂದು ವಿವರಿಸಿ, ಗೆಳೆತನ ಮಾಡಿಕೊಂಡಿದ್ದಳು. ಅವನು ಇಡೀ ಬುಟ್ಟಿ ಜೋಳ ಕೆಳಗಿಟ್ಟು, ಇದೆಲ್ಲ ಕೊಸರು ಎಂದ. ಕೊನೆಗೆ ಬಂದವರು ಹುಡುಗಿಯ ಅಮ್ಮನ ಬ್ರಿಡ್ಜ್‌ವಾಟರ್ ಆಫೀಸಿನ ಮ್ಯಾನೇಜರ್, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹೆಂಡತಿ ಮಕ್ಕಳ ಸಮೇತ.

ಅವರಮ್ಮ ನೈಟಿಯ ಮೇಲೆ ಟೇಬಲ್ ಕ್ಲಾತ್ ಹೊದ್ದುಕೊಂಡು ಅಡುಗೆಮನೆಗೆ ಓಡಿದರು. ನಾವೂ ಹಿಂದೆ ಓಡಿದೆವು. "ಯಾರೇ ಇವರನ್ನೆಲ್ಲ ಕರೆದಿದ್ದು?"

ಹುಡುಗಿ ಬೆಪ್ಪಾಗಿ ನಿಂತಿದ್ದಳು. "ನಾನೇ ಅಮ್ಮ. ಸುಮ್ನೆ ಮಾತಿಗೆ. ಯಾವಾಗ ಅಂತ ಕೇಳಿದ್ರು, ಯಾವಾಗಾದ್ರೂ, ಈ ಸಂಡೇನೇ ಬನ್ನಿ ಅಂದೆ. ಕರೆದ್ರೆ ಯಾರೂ ಬರಲ್ಲ ಅಂತ ಅಂಕಲ್ಲೇ ಹೇಳಿದ್ರು."

ಅವರಮ್ಮ ನನ್ನನ್ನು ನೋಡಿದರು. ಮೈಸೂರಿನ ಆ ಸ್ಟೂಲು ಯಾಕೆ ಅಲ್ಲಾಡಿತೆಂದು ನನಗೆ ಆಗ ಅರ್ಥವಾಯಿತು. ಎರಡನೇ ವರ್ಷದ ಆಸೆ ಮುಗಿಯಿತು, ನನ್ನ ಮಾನವೂ ಮುಗಿಯಿತು ಅಂದುಕೊಂಡೆ.

ಆದರೆ ಹುಡುಗಿ ಆಗಲೇ ಚೂಡಿದಾರದ ತೋಳು ಮಡಚಿದ್ದಳು. ನಮಗೆಂದು ಇಟ್ಟಿದ್ದ ಸಾರಿಗೆ ನೀರು ಬೆರೆಸಿ ಮತ್ತೊಂದು ಒಗ್ಗರಣೆ ಹಾಕಿದಳು. ಅನ್ನವನ್ನು ಚಿತ್ರಾನ್ನ ಮಾಡಿದಳು. ರೈತನ ಜೋಳ ಬಿಡಿಸಿ ಕೋಸಂಬರಿ ಮಾಡಿದಳು. ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದಳು. ಮ್ಯಾನೇಜರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದರು. ಬಟನ್ ಒತ್ತಿ ದೀಪ ಕಾಯುವ ಕಾಲ ಮುಗಿದಿತ್ತು. ಇವಳು ಆ ಕೈಯ ಸಂದಿಯಲ್ಲೇ ನುಗ್ಗಿ ಒಂದು ಸೌಟು ಬಡಿಸಿಬಿಟ್ಟಳು. ಅವರು ಮೂರು ಸಲ ಸಾಕೆಂದು ನಾಲ್ಕು ಸಲ ತಿಂದರು. ಹೊರಡುವಾಗ ಹುಡುಗಿಯ ಅಮ್ಮನ ಕೈ ಕುಲುಕಿ, ಮುಂದಿನ ಭಾನುವಾರವೂ ಬಿಡುವಾಗಿದ್ದೇವೆ ಎಂದರು.

ಬಾಗಿಲು ಹಾಕಿಕೊಂಡಿತು. ಹುಲ್ಲು ಕತ್ತರಿಸುವ ಸದ್ದೂ ನಿಂತಿತು. ಅವರಮ್ಮ ಖಾಲಿ ಪಾತ್ರೆಗಳನ್ನು ನೋಡಿದರು, ಮಗಳ ಅರಿಶಿನದ ಕೈ ನೋಡಿದರು. ಹೊದ್ದಿದ್ದ ಟೇಬಲ್ ಕ್ಲಾತ್ ಬಿಗಿಯಾಗಿ ಎಳೆದುಕೊಂಡರು. ಆಮೇಲೆ ಒಳಗೆ ಬಂದ ಗಂಡನಿಗೆ ಹೇಳಿದರು:

"ರೀ, ಇವಳಿಗೆ ನಾಳೇನೇ ಟಿಕೆಟ್ ಬುಕ್ ಮಾಡಿ. ಮೈಸೂರಲ್ಲೇ ಇರ್ಲಿ. ಅಲ್ಲಾದ್ರೆ ಕರೆದ್ರೂ ಯಾರೂ ಬರಲ್ಲ."

ಹುಡುಗಿ ಅರಿಶಿನದ ಕೈಯಲ್ಲೇ ಅಮ್ಮನನ್ನು ತಬ್ಬಿಕೊಂಡಳು. ಟೇಬಲ್ ಕ್ಲಾತ್ ಮತ್ತೆ ಬಿಳಿಯಾಗಲಿಲ್ಲ. ನಾನು ಕಾಲರ್ ಸರಿಮಾಡಿಕೊಂಡು, "ನೋಡಿದ್ರಾ, ನಮ್ಮ ಮೈಸೂರಿನ ಟ್ರೈನಿಂಗು" ಅಂದೆ. ಹೆಂಡತಿಗೆ ಮತ್ತೆ ಕೆಮ್ಮು ಬಂತು. ಈ ಸಲ ನಿಲ್ಲಲೇ ಇಲ್ಲ.

ಆ ಕೆಮ್ಮಿಗೆ ಹೆದರಿ, ಮೇಲೆ ಬರೆದದ್ದರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮೂರು ಅರಸೀಕೆರೆ. ಮೈಸೂರಿಗೆ ನಾನು ಹೋಗಿದ್ದು ಒಂದೇ ಸಲ, ಸ್ಕೂಲಿನಿಂದ, ಝೂ ನೋಡುವುದಕ್ಕೆ.